ಕ್ಯಾಸಿನೊದ ಪೋಕರ್ ಮೇಜು: ನಿಮ್ಮ ಎದುರಾಳಿ ಯಾರು?

ಪ್ರಶ್ನೆ: ಗೆಳೆಯರ ಜೊತೆ ಹೊತ್ತು ಕಳೆಯೋಕೆ ಟೆಕ್ಸಾಸ್ ಹೋಲ್ಡೆಮ್ ಅನ್ನೋ ಪೋಕರ್ ಆಡಿ ನನಗೆ ಅಭ್ಯಾಸ ಇದೆ. ಸದ್ಯದಲ್ಲೇ ಮೊದಲ ಸಲ ಕ್ಯಾಸಿನೊಗೆ ಹೋಗುತ್ತಿದ್ದೇನೆ. ಅಲ್ಲಿ ತ್ರೀ ಕಾರ್ಡ್ ಪೋಕರ್, ಕೆರಿಬಿಯನ್ ಸ್ಟಡ್, ಅಲ್ಟಿಮೇಟ್ ಟೆಕ್ಸಾಸ್ ಹೋಲ್ಡೆಮ್ ಅಂತೆಲ್ಲ ಮೇಜುಗಳಿರುತ್ತವಂತೆ. ಇವೆಲ್ಲ ಪೋಕರ್ ತಾನೆ? ಎಲೆ ಹಂಚುವ ಡೀಲರ್ ಮುಂದೆ ಬ್ಲಫ್, ಅಂದರೆ ಒಳ್ಳೆಯ ಎಲೆ ಇಲ್ಲದಿದ್ದರೂ ಇರುವ ಹಾಗೆ ತೋರಿಸಿ ಹೆದರಿಸೋದು, ನಡೆಯುತ್ತದಾ? ಕ್ಯಾಸಿನೊಗೆ ಇದರಲ್ಲಿ ಲಾಭ ಎಲ್ಲಿಂದ ಬರುತ್ತದೆ? ಮೊದಲ ದಿನ ಎಲ್ಲಿ ಕೂತರೆ ಒಳ್ಳೆಯದು?

ಉತ್ತರ: ನಾನು ಹಲವು ವರ್ಷ ಮೇಜಿನ ಆ ಕಡೆ ನಿಂತು ಎಲೆ ಹಂಚಿದವನು. ನಿಮ್ಮ ಹಾಗೆ ಹೋಲ್ಡೆಮ್ ಚೆನ್ನಾಗಿ ಗೊತ್ತಿದ್ದವರು ತ್ರೀ ಕಾರ್ಡ್ ಮೇಜಿಗೆ ಬಂದು ಕೂತು, ಅರ್ಧ ಗಂಟೆಯಲ್ಲಿ ಗೊಂದಲಕ್ಕೆ ಬೀಳುವುದನ್ನು ಎಷ್ಟೋ ಸಲ ನೋಡಿದ್ದೇನೆ. ಅವರಿಗೆ ಆಟ ಬರುತ್ತಿರಲಿಲ್ಲ ಅಂತಲ್ಲ. ಯಾರ ಮೇಲೆ ಆಡುತ್ತಿದ್ದೇವೆ ಅನ್ನೋದೇ ಅವರಿಗೆ ತಿಳಿದಿರಲಿಲ್ಲ. ಅದಕ್ಕೇ ಕುರ್ಚಿ ಎಳೆಯುವ ಮೊದಲು ಒಂದೇ ಒಂದು ಪ್ರಶ್ನೆ ಕೇಳಿಕೊಳ್ಳಿ: ನಾನು ಗೆದ್ದರೆ ದುಡ್ಡು ಯಾರ ಕಡೆಯಿಂದ ಬರುತ್ತದೆ?

ಕ್ಯಾಸಿನೊದಲ್ಲಿ ಪೋಕರ್ ಅನ್ನೋ ಹೆಸರಿನಲ್ಲಿ ಎರಡು ಬೇರೆ ಬೇರೆ ವ್ಯವಹಾರ ನಡೆಯುತ್ತದೆ. ಒಂದು ಪೋಕರ್ ರೂಮ್. ಅಲ್ಲಿ ನೀವು ಪಕ್ಕದಲ್ಲಿ ಕೂತವರ ಮೇಲೆ ಆಡುತ್ತೀರಿ. ಅವರು ಸೋತದ್ದು ನಿಮಗೆ, ನೀವು ಸೋತದ್ದು ಅವರಿಗೆ. ಡೀಲರ್ ಎಲೆ ಹಂಚುತ್ತಾನೆ, ಪಾಟ್ (ಮೇಜಿನ ನಡುವೆ ಸೇರುವ ಬಾಜಿಯ ದುಡ್ಡು) ಲೆಕ್ಕ ನೋಡಿಕೊಳ್ಳುತ್ತಾನೆ, ಅಷ್ಟೇ. ಇನ್ನೊಂದು, ಬ್ಲ್ಯಾಕ್‌ಜಾಕ್ ಮತ್ತು ರೂಲೆಟ್ ಪಕ್ಕದಲ್ಲೇ ಹಾಕಿರುವ ಅರ್ಧಚಂದ್ರಾಕಾರದ ಮೇಜುಗಳು. ನೀವು ಬರೆದ ಮೂರೂ ಹೆಸರು ಈ ಎರಡನೇ ಗುಂಪಿನವು. ಇಲ್ಲಿ ನೀವು ಆಡುವುದು ಕ್ಯಾಸಿನೊ ಮೇಲೆ. ಜೋಡಿ, ಸ್ಟ್ರೈಟ್ (ಒಂದರ ಹಿಂದೊಂದು ಬರುವ ಅಂಕಿಗಳು), ಫ್ಲಶ್ (ಎಲ್ಲ ಎಲೆಯೂ ಒಂದೇ ಚಿಹ್ನೆಯದು) ಅನ್ನೋ ಮಾತುಗಳು ಪೋಕರಿನವೇ. ಆದರೆ ಆಟದ ಒಳಗಿನ ಲೆಕ್ಕ ಬೇರೆ.

ಮೊದಲು ಪೋಕರ್ ರೂಮ್ ನೋಡೋಣ. ಇದು ನಿಮಗೆ ಗೊತ್ತಿರುವ ಆಟವೇ. ಕೈಗೆ 2 ಎಲೆ, ಮೇಜಿನ ಮೇಲೆ ಮೊದಲು 3, ಆಮೇಲೆ 1, ಕೊನೆಗೆ ಇನ್ನೊಂದು. ಮನೆಯಲ್ಲಿ ನೀವು ಸರದಿಯ ಮೇಲೆ ಹಂಚಿಕೊಳ್ಳುತ್ತೀರಿ ಅಲ್ವಾ? ಇಲ್ಲಿ ಹಂಚುವುದು ಡೀಲರ್ ಒಬ್ಬನೇ. ಸರದಿಯನ್ನು ತೋರಿಸೋಕೆ ಒಂದು ಬಿಳಿ ಬಿಲ್ಲೆ ಇರುತ್ತದೆ, ಅದಕ್ಕೆ ಬಟನ್ ಅನ್ನುತ್ತಾರೆ. ಅದು ಪ್ರತಿ ಆಟಕ್ಕೂ ಒಂದು ಕುರ್ಚಿ ಮುಂದೆ ಹೋಗುತ್ತದೆ. ಅದರ ಎಡಗಡೆಯ ಇಬ್ಬರು ಎಲೆ ನೋಡುವ ಮೊದಲೇ ಸಣ್ಣ ಬ್ಲೈಂಡ್, ದೊಡ್ಡ ಬ್ಲೈಂಡ್ ಅನ್ನೋ ಕಡ್ಡಾಯದ ಬಾಜಿ ಇಡಬೇಕು.

ಮೇಜಿನ ಮೇಲೆ ಎಲೆ ಬಿಚ್ಚುವ ಮೊದಲು ಪ್ರತಿ ಸಲ ಡೀಲರ್ ಮೇಲಿನ ಒಂದು ಎಲೆಯನ್ನು ಮುಚ್ಚಿಯೇ ಪಕ್ಕಕ್ಕೆ ಸರಿಸುತ್ತಾನೆ. ಇದಕ್ಕೆ ಬರ್ನ್ ಅನ್ನುತ್ತಾರೆ. ಬಾಜಿ ನಡೆಯುವಷ್ಟು ಹೊತ್ತೂ ಕಟ್ಟಿನ ಮೇಲಿನ ಎಲೆಯ ಬೆನ್ನು ಎಲ್ಲರಿಗೂ ಕಾಣುತ್ತಿರುತ್ತದೆ. ಅದರ ಮೇಲೆ ಯಾರಾದರೂ ಗುರುತು ಮಾಡಿದ್ದರೆ ಮುಂದೆ ಬರುವ ಎಲೆ ಯಾವುದು ಅಂತ ಅವನಿಗೆ ಗೊತ್ತಾಗಿಬಿಡುತ್ತದೆ. ಆ ಎಲೆಯನ್ನೇ ಆಟದಿಂದ ತೆಗೆದುಬಿಟ್ಟರೆ ಗುರುತಿನಿಂದ ಪ್ರಯೋಜನವಿಲ್ಲ. ಸಣ್ಣ ಕೆಲಸ ಅನ್ನಿಸಬಹುದು. ಆದರೆ ಬರ್ನ್ ಮಾಡೋದನ್ನು ಡೀಲರ್ ಮರೆತರೆ ಇಡೀ ಮೇಜು ಕೂಗಿಕೊಳ್ಳುತ್ತದೆ, ಕೂಗಬೇಕಾದದ್ದೇ.

ಕ್ಯಾಸಿನೊ ಇಲ್ಲಿ ಗೆಲ್ಲುವುದೂ ಇಲ್ಲ, ಸೋಲುವುದೂ ಇಲ್ಲ. ಅದು ಬಾಡಿಗೆ ತೆಗೆದುಕೊಳ್ಳುತ್ತದೆ. ಹೆಚ್ಚಿನ ಕಡೆ ಪ್ರತಿ ಪಾಟ್‌ನಿಂದ ಒಂದು ಪಾಲು ಎತ್ತುತ್ತಾರೆ. ಇದರ ಹೆಸರು ರೇಕ್. ಸಾಮಾನ್ಯವಾಗಿ ಶೇಕಡಾ 5ರಿಂದ 10, ಅದಕ್ಕೊಂದು ಮೇಲ್ಮಿತಿ. ಮೊದಲ 3 ಎಲೆ ಬಿಚ್ಚುವ ಮೊದಲೇ ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಎಲೆ ಮಡಚಿಬಿಟ್ಟರೆ, ಅಂದರೆ ಆ ಆಟ ಬಿಟ್ಟುಕೊಟ್ಟರೆ, ಬಹಳ ಕಡೆ ರೇಕ್ ತೆಗೆಯುವುದಿಲ್ಲ. ದೊಡ್ಡ ಬಾಜಿಯ ಮೇಜುಗಳಲ್ಲಿ ರೇಕ್ ಬದಲು ಅರ್ಧ ಗಂಟೆಗೆ ಇಷ್ಟು ಅಂತ ಕುರ್ಚಿಯ ಬಾಡಿಗೆ ತೆಗೆದುಕೊಳ್ಳುವುದೂ ಉಂಟು.

ಈ ರೇಕ್ ಅನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಗಂಟೆಗೆ 30 ಆಟ, ಪ್ರತಿ ಆಟಕ್ಕೆ ಸರಾಸರಿ 4 ಚಿಪ್ (ದುಡ್ಡಿನ ಬದಲು ಇಡುವ ಬಿಲ್ಲೆ) ರೇಕ್ ಅಂತ ಇಟ್ಟುಕೊಳ್ಳಿ. ಗಂಟೆಗೆ 120 ಚಿಪ್ ಆ ಮೇಜಿನಿಂದ ಹೊರಗೆ ಹೋಯಿತು. ಐದು ಗಂಟೆಗೆ 600. ಒಬ್ಬೊಬ್ಬರು 100 ಚಿಪ್ ತಂದು ಒಂಬತ್ತು ಜನ ಕೂತಿದ್ದರೆ ಮೇಜಿನ ಮೇಲಿದ್ದದ್ದೇ 900. ಅದರಲ್ಲಿ ಮೂರನೇ ಎರಡು ಭಾಗ ಡೀಲರ್ ಪಕ್ಕದ ಡಬ್ಬಿ ಸೇರಿತು. ಹೀಗಾಗಿ ಎಲ್ಲರೂ ಸಮಸಮ ಆಡಿದರೆ ಎಲ್ಲರೂ ಸೋಲುತ್ತಾರೆ. ಇಲ್ಲಿ ಲಾಭ ಮಾಡಬೇಕಾದರೆ ಪಕ್ಕದವರಿಗಿಂತ ಚೆನ್ನಾಗಿ ಆಡಿದರಷ್ಟೇ ಸಾಲದು, ರೇಕ್ ಕಳೆದು ಮಿಗುವಷ್ಟು ಚೆನ್ನಾಗಿ ಆಡಬೇಕು.

ಗೆಳೆಯರ ಜೊತೆ ಆಡಿ ಬಂದವರು ಎಡವುವುದು ಎಲೆಯಲ್ಲಲ್ಲ, ಕೈ ಮತ್ತು ಬಾಯಿಯಲ್ಲಿ. ಉದಾಹರಣೆಗೆ ನಿಮಗಿಂತ ಮೊದಲಿನವರು 10 ಇಟ್ಟಿದ್ದಾರೆ. ನೀವು ಏನೂ ಮಾತಾಡದೆ 100ರ ಒಂದೇ ಒಂದು ಚಿಪ್ ಇಟ್ಟಿರಿ. ಬಾಜಿ ಏರಿಸಬೇಕು (ರೇಸ್) ಅಂತ ನಿಮ್ಮ ಮನಸ್ಸಿನಲ್ಲಿತ್ತು. ಡೀಲರ್ ಅದನ್ನು ಬರೀ ಕಾಲ್ (ಅವರಷ್ಟೇ ಇಟ್ಟು ಮುಂದುವರಿಯುವುದು) ಅಂತಲೇ ಲೆಕ್ಕ ಹಾಕಿ 90 ವಾಪಸ್ ಕೊಡುತ್ತಾನೆ. ಒಂಟಿ ಚಿಪ್ ಇಟ್ಟರೆ, ಬಾಯಿಬಿಟ್ಟು ಹೇಳದ ಹೊರತು, ಅದು ಕಾಲ್. ಇನ್ನೊಂದು: ಮೊದಲು ಒಂದಿಷ್ಟು ಚಿಪ್ ಮುಂದಿಟ್ಟು, ಎದುರಿನವರ ಮುಖ ನೋಡಿ, ಮತ್ತೆ ಕೈ ಹಿಂದೆ ತಂದು ಇನ್ನಷ್ಟು ಇಡುವ ಹಾಗಿಲ್ಲ. ಇದಕ್ಕೆ ಸ್ಟ್ರಿಂಗ್ ಬೆಟ್ ಅನ್ನುತ್ತಾರೆ. ಮೊದಲು ಇಟ್ಟಷ್ಟೇ ಲೆಕ್ಕಕ್ಕೆ. ಇವೆರಡಕ್ಕೂ ಪರಿಹಾರ ಸುಲಭ. ಚಿಪ್ ಮುಟ್ಟುವ ಮೊದಲು ಬಾಯಿಬಿಟ್ಟು ಹೇಳಿ: "ರೇಸ್, 40." ನಿಮ್ಮ ಸರದಿಯಲ್ಲಿ ಆಡಿದ ಮಾತಿಗೆ ನೀವು ಬದ್ಧ. ಚಿಪ್ ಆಮೇಲೆ ಇಟ್ಟರೂ ಆಯಿತು.

ಎಲೆಗಳ ಮೇಲೆ ಒಂದು ಚಿಪ್ ಇಟ್ಟುಕೊಳ್ಳಿ. ಖಾಲಿ ಬಿಟ್ಟ ಎಲೆಯನ್ನು ಡೀಲರ್ ಮಡಚಿದ ಎಲೆ ಅಂತ ತಿಳಿದು ರಾಶಿಗೆ ಎಳೆದುಕೊಂಡರೆ, ಅದನ್ನು ಮತ್ತೆ ತೆಗೆದುಕೊಡುವುದು ಕಷ್ಟ. ನನ್ನ ಕೈಯಿಂದಲೇ ಒಮ್ಮೆ ಹೀಗಾಗಿದೆ. ಮೂಲೆಯ ಕುರ್ಚಿಯವರು ಎಲೆ ಬಿಟ್ಟು ಹಿಂದೆ ತಿರುಗಿ ಯಾರ ಜೊತೆಗೋ ಮಾತಾಡುತ್ತಿದ್ದರು, ನಾನು ಎಳೆದುಬಿಟ್ಟೆ. ಅವರಿಗೆ ಎರಡು ರಾಜ ಬಂದಿದ್ದವಂತೆ. ಆ ಮುಖ ನನಗೆ ಇನ್ನೂ ನೆನಪಿದೆ. ಹಾಗೆಯೇ ಕೊನೆಯಲ್ಲಿ ಗೆದ್ದೆ ಅನ್ನೋ ಖುಷಿಯಲ್ಲಿ ಎಲೆ ಎಸೆಯಬೇಡಿ. ಪಾಟ್ ನಿಮ್ಮ ಕಡೆ ಸರಿದು ಬರುವವರೆಗೂ ಎಲೆ ನಿಮ್ಮ ಮುಂದೆಯೇ, ಮೇಲ್ಮುಖವಾಗಿ ಇರಲಿ.

ದುಡ್ಡಿನ ವಿಷಯದಲ್ಲೂ ಒಂದು ಕಟ್ಟುನಿಟ್ಟು ಇದೆ. ಆಟದ ನಡುವೆ ಜೇಬಿನಿಂದ ದುಡ್ಡು ತೆಗೆಯುವ ಹಾಗಿಲ್ಲ, ಮೇಜಿನ ಚಿಪ್ ಜೇಬಿಗೆ ಹಾಕುವ ಹಾಗೂ ಇಲ್ಲ. ನಿಮ್ಮ ಮುಂದೆ 50 ಇದೆ, ಇನ್ನಿಬ್ಬರ ಮುಂದೆ ತಲಾ 200 ಇದೆ ಅನ್ನಿ. ಮೂವರೂ ಎಲ್ಲವನ್ನೂ ಒಳಗೆ ತಳ್ಳಿದಿರಿ. ಡೀಲರ್ ಮೂವರಿಂದ ತಲಾ 50 ತೆಗೆದು 150ರ ಮುಖ್ಯ ಪಾಟ್ ಮಾಡುತ್ತಾನೆ. ಉಳಿದ ಇಬ್ಬರ ತಲಾ 150 ಸೇರಿ 300ರ ಬೇರೆ ಪಾಟ್. ನಿಮ್ಮ ಎಲೆ ಎಷ್ಟೇ ದೊಡ್ಡದಿರಲಿ, ನಿಮಗೆ ಸಿಗುವುದು 150 ಮಾತ್ರ. 300 ಅವರಿಬ್ಬರಲ್ಲಿ ಗೆದ್ದವರಿಗೆ. ದುಡ್ಡು ಕಡಿಮೆ ಇದ್ದವರನ್ನು ದೊಡ್ಡ ಬಾಜಿಯಿಂದ ಹೆದರಿಸಿ ಆಟದಿಂದ ಓಡಿಸಬಾರದು ಅಂತಲೇ ಈ ನಿಯಮ ಇರುವುದು. ಪೋಕರಿನಲ್ಲಿ ನನಗೆ ತುಂಬಾ ಇಷ್ಟವಾದ ನಿಯಮ ಇದು.

ಬ್ಲಫ್ ಈ ರೂಮಿನಲ್ಲಿ ಮಾತ್ರ. ಎದುರಿಗೆ ಹೆದರೋಕೆ, ಯೋಚಿಸೋಕೆ, ತಪ್ಪು ಮಾಡೋಕೆ ಒಬ್ಬ ಮನುಷ್ಯ ಇದ್ದರೆ ಮಾತ್ರ ಬ್ಲಫ್‌ಗೆ ಬೆಲೆ.

ಈಗ ಆ ಅರ್ಧಚಂದ್ರದ ಮೇಜುಗಳಿಗೆ ಬನ್ನಿ. ಇಲ್ಲಿ ಡೀಲರ್ ಕೈಯಲ್ಲಿ ಯಾವ ತೀರ್ಮಾನವೂ ಇಲ್ಲ. ಅವನು ಮಡಚುವುದಿಲ್ಲ, ಏರಿಸುವುದಿಲ್ಲ, ನಿಮ್ಮ ಮುಖ ನೋಡುವುದಿಲ್ಲ. ಎಲೆ ಬಿಚ್ಚಿ, ನಿಯಮ ಏನು ಹೇಳುತ್ತದೋ ಅದನ್ನು ಮಾಡುತ್ತಾನೆ. ನೀವು ದುಪ್ಪಟ್ಟು ಚಿಪ್ ಇಟ್ಟರೂ ಅವನು ಹೆದರಿ ಹಿಂದೆ ಸರಿಯುವುದಿಲ್ಲ, ಸರಿಯುವ ಅಧಿಕಾರವೇ ಅವನಿಗಿಲ್ಲ. ಆದ್ದರಿಂದ ಬ್ಲಫ್ ಇಲ್ಲ. ಪಕ್ಕದಲ್ಲಿ ಕೂತವರು ಚೆನ್ನಾಗಿ ಆಡಿದರೂ ಕೆಟ್ಟದಾಗಿ ಆಡಿದರೂ ನಿಮಗೆ ಸಂಬಂಧವಿಲ್ಲ. ಅವರಿಗೆ ನಿಮ್ಮ ಎಲೆ ತೋರಿಸಬೇಡಿ, ಅಷ್ಟೇ. ಹೆಚ್ಚಿನ ಮೇಜುಗಳಲ್ಲಿ ಅದಕ್ಕೆ ಅನುಮತಿ ಇಲ್ಲ.

ಮೂರರಲ್ಲಿ ತ್ರೀ ಕಾರ್ಡ್ ಪೋಕರ್ ಅತಿ ಸರಳ. ಬ್ರಿಟನ್ನಿನ ಡೆರೆಕ್ ವೆಬ್ ಅನ್ನುವ ಪೋಕರ್ ಆಟಗಾರ 1994ರಲ್ಲಿ ಇದನ್ನು ರೂಪಿಸಿದರು. ನೀವು ಆಂಟೆ ಅನ್ನೋ ವೃತ್ತದಲ್ಲಿ ಚಿಪ್ ಇಡುತ್ತೀರಿ. ನಿಮಗೆ 3 ಎಲೆ, ಡೀಲರ್‌ಗೆ 3 ಎಲೆ. ನಿಮ್ಮ ಎಲೆ ನೋಡಿ ಎರಡರಲ್ಲಿ ಒಂದು ಮಾಡಬೇಕು. ಮಡಚಿ ಆಂಟೆ ಬಿಟ್ಟುಕೊಡಬೇಕು, ಇಲ್ಲವೇ ಆಂಟೆಯಷ್ಟೇ ಇನ್ನೊಂದು ಪಾಲು ಪ್ಲೇ ಅನ್ನೋ ಜಾಗದಲ್ಲಿ ಇಟ್ಟು ಮುಂದುವರಿಯಬೇಕು.

ಒಂದು ವಿಷಯ ಮೊದಲೇ ತಲೆಯಲ್ಲಿರಲಿ. ಮೂರೆಲೆಯಲ್ಲಿ ಸ್ಟ್ರೈಟ್ ಅನ್ನೋದು ಫ್ಲಶ್‌ಗಿಂತ ದೊಡ್ಡದು. ನಿಮ್ಮ ಹೋಲ್ಡೆಮ್‌ನಲ್ಲಿ ಇದು ಉಲ್ಟಾ. ಕಾರಣ ಸುಮ್ನೆ ಎಣಿಕೆ. 52 ಎಲೆಯಿಂದ 3 ಎಲೆ ತೆಗೆಯೋಕೆ 22,100 ದಾರಿಗಳಿವೆ. ಅದರಲ್ಲಿ ಸ್ಟ್ರೈಟ್ ಬರುವುದು 720, ಫ್ಲಶ್ ಬರುವುದು 1,096. ಯಾವುದು ಅಪರೂಪವೋ ಅದು ದೊಡ್ಡದು. ಮೂರೂ ಒಂದೇ ಅಂಕಿಯ ಎಲೆ ಬರುವುದು 52 ಸಲ, ಸ್ಟ್ರೈಟೂ ಫ್ಲಶ್ಶೂ ಒಟ್ಟಿಗೇ ಆಗುವ ಸ್ಟ್ರೈಟ್ ಫ್ಲಶ್ 48 ಸಲ.

ಈಗ ಈ ಆಟದ ಹೃದಯಕ್ಕೆ ಬರೋಣ. ಡೀಲರ್ ಕೈಯಲ್ಲಿ ಕಡೇಪಕ್ಷ ಒಂದು ರಾಣಿಯಾದರೂ ಇರಬೇಕು, ಇಲ್ಲವೇ ಅದಕ್ಕಿಂತ ದೊಡ್ಡದೇನಾದರೂ ಇರಬೇಕು. ಆಗ ಮಾತ್ರ ಡೀಲರ್ ಆಟಕ್ಕೆ ಬಂದ ಹಾಗೆ. ಇದಕ್ಕೆ ಕ್ವಾಲಿಫೈ ಅನ್ನುತ್ತಾರೆ. ಡೀಲರ್ ಕ್ವಾಲಿಫೈ ಆದರೆ ಇಬ್ಬರ ಎಲೆ ಹೋಲಿಸುತ್ತಾರೆ. ನೀವು ಗೆದ್ದರೆ ಆಂಟೆಗೂ ಪ್ಲೇಗೂ ಒಂದಕ್ಕೆ ಒಂದು. ಸೋತರೆ ಎರಡೂ ಹೋಯಿತು. ಡೀಲರ್ ಕ್ವಾಲಿಫೈ ಆಗದಿದ್ದರೆ ಆಂಟೆಗೆ ಮಾತ್ರ ಒಂದಕ್ಕೆ ಒಂದು, ಪ್ಲೇ ಹಾಗೇ ವಾಪಸ್.

ಕೇಳೋಕೆ ಇದು ನಿಮಗೆ ಕೊಟ್ಟ ಉಡುಗೊರೆ ಥರ ಇದೆ ಅಲ್ವಾ? ಡೀಲರ್ ಬರದಿದ್ದರೆ ನಿಮಗೆ ಸುಮ್ನೆ ಒಂದು ಆಂಟೆ ಸಿಕ್ಕಿತು. ಲೆಕ್ಕ ಹಾಕಿದರೆ 100 ಆಟದಲ್ಲಿ ಸುಮಾರು 30 ಸಲ ಡೀಲರ್ ಕ್ವಾಲಿಫೈ ಆಗುವುದಿಲ್ಲ. ಆದರೆ ಇದರ ಇನ್ನೊಂದು ಮಗ್ಗುಲು ನೋಡಿ. ನೀವು ಮೊದಲು ತೀರ್ಮಾನ ಮಾಡಬೇಕು, ಡೀಲರ್ ಆಮೇಲೆ ಎಲೆ ತೋರಿಸುತ್ತಾನೆ. ನಿಮ್ಮ ಕೈಗೆ 9-5-2 ಬಂತು, ಮಡಚಿದಿರಿ, 10 ಚಿಪ್ ಹೋಯಿತು. ಡೀಲರ್ ಬಿಚ್ಚಿದಾಗ ಅವನಿಗೆ 8-6-3. ಅವನೂ ಆಟಕ್ಕೆ ಬರುತ್ತಿರಲಿಲ್ಲ! ಆದರೆ ನಿಮ್ಮ 10 ಚಿಪ್ ಆಗಲೇ ಟ್ರೇ ಸೇರಿದೆ. ಸರಿಯಾಗಿ ಆಡುವವರು ಮೂರರಲ್ಲಿ ಸುಮಾರು ಒಂದು ಸಲ ಮಡಚಲೇಬೇಕಾಗುತ್ತದೆ. ಇಬ್ಬರ ಕೈಯೂ ಕೆಟ್ಟದಾಗಿದ್ದಾಗ ಮೊದಲು ಮಡಚಿದವರು ಕಳೆದುಕೊಳ್ಳುತ್ತಾರೆ. ಕ್ಯಾಸಿನೊದ ಲಾಭ ಕೂತಿರುವುದು ಅಲ್ಲಿ. ಮೋಸ ಏನೂ ಇಲ್ಲ. ಸರದಿಯೇ ಹಾಗಿದೆ.

ಹಾಗಾದರೆ ಯಾವಾಗ ಆಡಬೇಕು? ಉತ್ತರ ಒಂದೇ ಸಾಲಿನದು. ರಾಣಿ-6-4 ಅಥವಾ ಅದಕ್ಕಿಂತ ದೊಡ್ಡದಿದ್ದರೆ ಆಡಿ. ರಾಣಿ-6-3 ಆದರೆ ಮಡಚಿ. ಎಕ್ಕ ಅಥವಾ ರಾಜ ಇದ್ದರೆ ಉಳಿದೆರಡು ಎಲೆ ನೋಡುವುದೇ ಬೇಡ, ಆಡಿ. ರಾಣಿ ಇದ್ದು ಎರಡನೇ ಎಲೆ 7 ಅಥವಾ ಮೇಲಿದ್ದರೆ ಮೂರನೆಯದು ನೋಡಬೇಕಿಲ್ಲ. ಹೀಗೆ ಆಡಿದರೆ ಕ್ಯಾಸಿನೊಗೆ ಆಂಟೆಯ ಮೇಲೆ ಸುಮಾರು ಶೇಕಡಾ 3.37 ಉಳಿಯುತ್ತದೆ. ಇದು ಸ್ಟ್ರೈಟ್‌ಗೆ 1, ಮೂರು ಒಂದೇ ಎಲೆಗೆ 4, ಸ್ಟ್ರೈಟ್ ಫ್ಲಶ್‌ಗೆ 5 ಪಟ್ಟು ಆಂಟೆ ಬೋನಸ್ ಕೊಡುವ ಮೇಜಿನ ಲೆಕ್ಕ.

ಅದೇ ಮೇಜಿನಲ್ಲಿ ಪೇರ್ ಪ್ಲಸ್ ಅಂತ ಇನ್ನೊಂದು ವೃತ್ತ ಇರುತ್ತದೆ. ಇಲ್ಲಿ ಡೀಲರ್ ಎಲೆ ಲೆಕ್ಕಕ್ಕೇ ಇಲ್ಲ. ನಿಮಗೆ ಜೋಡಿ ಅಥವಾ ಅದಕ್ಕಿಂತ ದೊಡ್ಡದು ಬಂದರೆ ದುಡ್ಡು, ಇಲ್ಲದಿದ್ದರೆ ಹೋಯಿತು. ನಿಮ್ಮ ಕಣ್ಣು ಇಲ್ಲಿ ಚುರುಕಾಗಿರಬೇಕು. ಮೇಜಿನ ಬಟ್ಟೆಯ ಮೇಲೆ ಫ್ಲಶ್‌ಗೆ ಎಷ್ಟು ಪಟ್ಟು ಅಂತ ಬರೆದಿರುತ್ತದೆ. ಜೋಡಿಗೆ 1, ಫ್ಲಶ್‌ಗೆ 4, ಸ್ಟ್ರೈಟ್‌ಗೆ 6, ಮೂರು ಒಂದೇ ಎಲೆಗೆ 30, ಸ್ಟ್ರೈಟ್ ಫ್ಲಶ್‌ಗೆ 40 ಅಂತ ಇದ್ದರೆ ಕ್ಯಾಸಿನೊ ಪಾಲು ಶೇಕಡಾ 2.32. ಉಳಿದದ್ದೆಲ್ಲ ಹಾಗೇ ಇದ್ದು ಫ್ಲಶ್‌ಗೆ 4ರ ಬದಲು 3 ಅಂತ ಇದ್ದರೆ ಅದು ಶೇಕಡಾ 7.28ಕ್ಕೆ ಜಿಗಿಯುತ್ತದೆ. ಒಂದೇ ಒಂದು ಅಂಕಿ! ಅದೇ ಬಣ್ಣದ ಬಟ್ಟೆ, ಅದೇ ನಗುಮುಖದ ಡೀಲರ್, ಬೆಲೆ ಮಾತ್ರ ಮೂರು ಪಟ್ಟು. ಬಹಳಷ್ಟು ಜನ ಆ ಸಾಲು ಓದದೆಯೇ ಕೂರುತ್ತಾರೆ. ನನಗೆ ಬೇಸರ ಆಗುವುದು ಇದಕ್ಕೇ. ಬರೆದು ಎದುರಿಗೇ ಇಟ್ಟಿದ್ದಾರೆ, ಬಗ್ಗಿ ಓದಿದರೆ ಸಾಕು.

ಇದನ್ನು ಗಂಟೆಯ ಲೆಕ್ಕಕ್ಕೆ ತನ್ನಿ. ಗಂಟೆಗೆ 40 ಆಟ, ಆಂಟೆ 10 ಚಿಪ್ ಅಂತಾದರೆ ಬರೀ ಆಂಟೆ ಆಡುವವರ ಸರಾಸರಿ ಖರ್ಚು ಗಂಟೆಗೆ ಸುಮಾರು 13 ಚಿಪ್. ಜೊತೆಗೆ ಆ 7.28ರ ಪೇರ್ ಪ್ಲಸ್‌ಗೂ 10 ಇಟ್ಟರೆ ಇನ್ನೂ 29 ಸೇರಿ 42. ಒಂದು ಸಂಜೆ ಅದೃಷ್ಟದಿಂದ ಗೆಲ್ಲಬಹುದು, ಇನ್ನೊಂದು ಸಂಜೆ ಇದರ ಹತ್ತು ಪಟ್ಟು ಸೋಲಬಹುದು. ಆದರೆ ದಿನಗಳು ಹೆಚ್ಚಾದಷ್ಟೂ ಲೆಕ್ಕ ಈ ಅಂಕಿಯ ಹತ್ತಿರವೇ ಬರುತ್ತದೆ. ಈ ದುಡ್ಡನ್ನು ಸಂಜೆಯ ಖರ್ಚು ಅಂತಲೇ ತೆಗೆದಿಡಿ. ಕಳೆದದ್ದನ್ನು ವಾಪಸ್ ತರ್ತೀನಿ ಅಂತ ಆಂಟೆ ದುಪ್ಪಟ್ಟು ಮಾಡಿದರೆ ಖರ್ಚೂ ದುಪ್ಪಟ್ಟಾಗುತ್ತದೆ, ಬೇರೇನೂ ಆಗುವುದಿಲ್ಲ.

ಕೆರಿಬಿಯನ್ ಸ್ಟಡ್‌ನಲ್ಲಿ ಇದೇ ಕ್ವಾಲಿಫೈ ನಿಯಮ ಇನ್ನೂ ಗಟ್ಟಿಯಾಗಿ ಕಾಣುತ್ತದೆ. ಎಲ್ಲರಿಗೂ 5 ಎಲೆ. ಡೀಲರ್‌ನ ಒಂದು ಎಲೆ ಮಾತ್ರ ತೆರೆದಿರುತ್ತದೆ. ಮುಂದುವರಿಯಬೇಕಾದರೆ ಆಂಟೆಯ ಎರಡು ಪಟ್ಟು ಇಡಬೇಕು. ಡೀಲರ್ ಕ್ವಾಲಿಫೈ ಆಗಬೇಕಾದರೆ ಎಕ್ಕ-ರಾಜ ಎರಡೂ ಇರಬೇಕು, ಅಥವಾ ಜೋಡಿ ಇಲ್ಲವೇ ಅದಕ್ಕಿಂತ ಮೇಲಿನದು. 100ರಲ್ಲಿ ಸುಮಾರು 44 ಸಲ ಇದು ಆಗುವುದಿಲ್ಲ.

ಒಂದು ರಾತ್ರಿಯ ಆಟ ಹೇಳುತ್ತೇನೆ. ಒಬ್ಬ ಹಿರಿಯರು ಬಹಳ ಹೊತ್ತಿನಿಂದ ತಾಳ್ಮೆಯಿಂದ ಆಡುತ್ತಿದ್ದರು. ಆಂಟೆ 10. ಎಲೆ ನೋಡಿದ ಕೂಡಲೇ ಅವರ ಬೆನ್ನು ನೆಟ್ಟಗಾಯಿತು. 20 ಚಿಪ್ ಮುಂದಿಟ್ಟರು. ಫುಲ್ ಹೌಸ್: ಮೂರು 9, ಎರಡು 4. ಮೇಜಿನ ಮೇಲೆ ಫುಲ್ ಹೌಸ್‌ಗೆ 7 ಪಟ್ಟು ಅಂತ ಬರೆದಿತ್ತು. 140 ಬರಬೇಕು ಅಂತ ಅವರ ಲೆಕ್ಕ. ನಾನು ನನ್ನ ಎಲೆ ಬಿಚ್ಚಿದೆ. ರಾಜ, ಗುಲಾಮ, 8, 5, 3. ಎಕ್ಕ ಇಲ್ಲ, ಜೋಡಿ ಇಲ್ಲ. ಡೀಲರ್ ಆಟಕ್ಕೆ ಬರಲಿಲ್ಲ. ಆಂಟೆಗೆ 10 ಕೊಟ್ಟು, 20 ಚಿಪ್ ಹಾಗೇ ವಾಪಸ್ ತಳ್ಳಿದೆ. "ಫುಲ್ ಹೌಸ್‌ಗೆ ಹತ್ತಾ?" ಅಂದರು. ನಾನು ನಿಯಮ ವಿವರಿಸಿದೆ. ಅವರು ವಾದ ಮಾಡಲಿಲ್ಲ. ಆದರೆ ಎರಡು ಗಂಟೆಯಿಂದ ಆಡುತ್ತಿದ್ದವರಿಗೆ ಆ ನಿಯಮ ಗೊತ್ತೇ ಇರಲಿಲ್ಲ ಅನ್ನೋದು ನನ್ನ ಮನಸ್ಸಿಗೆ ಚುಚ್ಚಿತು. ಆ 7 ಪಟ್ಟು ಸಿಗುವುದು ಡೀಲರ್ ಕ್ವಾಲಿಫೈ ಆದರೆ ಮಾತ್ರ.

ಈ ಆಟದಲ್ಲಿ ಜೋಡಿ ಅಥವಾ ಮೇಲೆ ಬಂದರೆ ಯಾವಾಗಲೂ ಆಡಿ. ಎಕ್ಕ-ರಾಜ ಇಲ್ಲದ ಬರಿ ಎಲೆಗಳನ್ನು ಮಡಚಿ. ಎಕ್ಕ-ರಾಜ ಮಾತ್ರ ಬಂದಾಗ ಡೀಲರ್‌ನ ತೆರೆದ ಎಲೆ ನೋಡಿ ತೀರ್ಮಾನ ಮಾಡಬೇಕು. ಎಷ್ಟು ಚೆನ್ನಾಗಿ ಆಡಿದರೂ ಆಂಟೆಯ ಮೇಲೆ ಶೇಕಡಾ 5.2ರಷ್ಟು ಕ್ಯಾಸಿನೊಗೆ ಹೋಗುತ್ತದೆ. ಮೂರರಲ್ಲಿ ಇದೇ ದುಬಾರಿ. ನನ್ನನ್ನು ಕೇಳಿದರೆ, ದೊಡ್ಡ ಜಾಕ್‌ಪಾಟ್ ಅಂಕಿ ಮಿನುಗುತ್ತಿದ್ದರೂ ಇಲ್ಲಿ ಕೂರಬೇಡಿ.

ಅಲ್ಟಿಮೇಟ್ ಟೆಕ್ಸಾಸ್ ಹೋಲ್ಡೆಮ್ ನಿಮ್ಮನ್ನು ಹೆಚ್ಚು ಸೆಳೆಯುತ್ತದೆ, ಯಾಕೆಂದರೆ ಎಲೆಗಳ ಕ್ರಮ ನಿಮಗೆ ಗೊತ್ತಿರುವುದೇ. ನಿಮಗೆ 2, ಡೀಲರ್‌ಗೆ 2, ನಡುವೆ 5. ಮೊದಲೇ ಆಂಟೆ ಮತ್ತು ಬ್ಲೈಂಡ್ ಅಂತ ಎರಡು ಸಮ ಪಾಲು ಇಡಬೇಕು. ಆಮೇಲೆ ನೀವು ಏರಿಸುವುದು ಒಂದೇ ಸಲ. ಯಾವಾಗ ಅನ್ನೋದೇ ಆಟ. ನಡುವಿನ ಎಲೆ ಬಿಚ್ಚುವ ಮೊದಲೇ ಆದರೆ ಆಂಟೆಯ 4 ಪಟ್ಟು. 3 ಎಲೆ ನೋಡಿ ಆದರೆ 2 ಪಟ್ಟು. ಐದೂ ನೋಡಿ ಆದರೆ 1 ಪಟ್ಟು, ಅದೂ ಬೇಡವಾದರೆ ಮಡಚುವುದು. ಡೀಲರ್‌ಗೆ ಕಡೇಪಕ್ಷ ಒಂದು ಜೋಡಿ ಬೇಕು. ಇಲ್ಲದಿದ್ದರೆ ಆಂಟೆ ವಾಪಸ್, ಉಳಿದದ್ದು ಎಲೆ ಹೋಲಿಸಿ ತೀರ್ಮಾನ. ಬ್ಲೈಂಡ್‌ಗೆ ದುಡ್ಡು ಬರುವುದು ನೀವು ಸ್ಟ್ರೈಟ್ ಅಥವಾ ಮೇಲಿನ ಕೈಯಲ್ಲಿ ಗೆದ್ದರೆ ಮಾತ್ರ. ಅದಕ್ಕಿಂತ ಸಣ್ಣ ಕೈಯಲ್ಲಿ ಗೆದ್ದರೆ ಅದು ಹಾಗೇ ವಾಪಸ್. ಸೋತರೆ ಮಾತ್ರ ಪೂರ್ತಿ ಹೋಗುತ್ತದೆ.

ಹೋಲ್ಡೆಮ್ ಆಡಿ ಪಳಗಿದವರು ಇಲ್ಲಿ ಮಾಡುವ ದೊಡ್ಡ ತಪ್ಪು, ಕಾಯುವುದು. ಕೈಗೆ ರಾಜ-5 ಬಂದಿದೆ, ಬೇರೆ ಬೇರೆ ಚಿಹ್ನೆ. ಪೋಕರ್ ರೂಮಿನಲ್ಲಿ ಒಂಬತ್ತು ಜನರ ಮಧ್ಯೆ ಇದನ್ನು ನೀವು ಯೋಚಿಸದೆ ಮಡಚುತ್ತೀರಿ, ಸರಿಯೇ. ಆದರೆ ಇಲ್ಲಿ ಎದುರಿಗಿರುವುದು ಒಂದೇ ಕೈ, ಅದೂ ಯಾವುದೋ ಎರಡು ಎಲೆ. ಅದರ ಎದುರು ರಾಜ-5 ಮುಂದಿದೆ. ಆದ್ದರಿಂದ 4 ಪಟ್ಟು ಇಡಬೇಕು. ಯಾವ ಎಕ್ಕ ಬಂದರೂ 4 ಪಟ್ಟು. 3ರ ಜೋಡಿ ಮತ್ತು ಮೇಲಿನ ಎಲ್ಲ ಜೋಡಿಗೂ 4 ಪಟ್ಟು. ಡೀಲರ್‌ನನ್ನು ಹೆದರಿಸೋಕಲ್ಲ, ನೀವು ಮುಂದಿರುವಾಗಲೇ ದುಡ್ಡು ಮೇಜಿನ ಮೇಲಿರಲಿ ಅಂತ. ಕಾದು ನೋಡಿ ಇಟ್ಟರೆ ಆ ಅವಕಾಶದ ಬೆಲೆ ಅರ್ಧಕ್ಕೆ, ಆಮೇಲೆ ಕಾಲುಭಾಗಕ್ಕೆ ಇಳಿಯುತ್ತದೆ. ಮೊದಲು 4 ಇಡದವರು, 3 ಎಲೆ ಬಿದ್ದ ಮೇಲೆ ತಮ್ಮ ಕೈಯ ಎಲೆಯಿಂದ ಜೋಡಿ ಕೂಡಿದರೆ 2 ಪಟ್ಟು ಇಡಬೇಕು.

ಚೆನ್ನಾಗಿ ಆಡಿದರೆ ಈ ಮೇಜಿನಲ್ಲಿ ಕ್ಯಾಸಿನೊ ಪಾಲು ಆಂಟೆಯ ಶೇಕಡಾ 2.2ರಷ್ಟು. ಒಟ್ಟು ಇಟ್ಟ ದುಡ್ಡಿನ ಮೇಲೆ ನೋಡಿದರೆ ಶೇಕಡಾ ಅರ್ಧದ ಆಸುಪಾಸು. ತುಂಬಾ ಕಡಿಮೆ. ಆದರೆ ದುಡ್ಡು ಜಾಸ್ತಿ ಬೇಕು. ಮೇಜಿನ ಫಲಕದಲ್ಲಿ ಕನಿಷ್ಠ 10 ಅಂತ ಬರೆದಿದ್ದರೆ ಒಂದು ಆಟಕ್ಕೆ 10 ಆಂಟೆ, 10 ಬ್ಲೈಂಡ್, 40 ಪ್ಲೇ, ಒಟ್ಟು 60 ಸಿದ್ಧವಿರಬೇಕು. 100 ಚಿಪ್ ತಂದು ಕೂತವರು ಎರಡನೇ ದೊಡ್ಡ ಕೈಗೆ 4 ಪಟ್ಟು ಇಡಲಾಗದೆ ಒದ್ದಾಡುತ್ತಾರೆ. ದುಡ್ಡು ಸಾಲದೆ ಸರಿಯಾದ ಆಟ ಬಿಟ್ಟರೆ ಆ ಅರ್ಧ ಶೇಕಡಾ ಮಾತಿಗೆ ಅರ್ಥವೇ ಇಲ್ಲ.

ನೀವು ಕೇಳದಿದ್ದರೂ ಪೈ ಗೌ ಪೋಕರ್ ಹೆಸರು ಹೇಳಿಬಿಡುತ್ತೇನೆ. 1985ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸ್ಯಾಮ್ ಟೊರೊಸಿಯನ್ ಇದನ್ನು ಶುರು ಮಾಡಿದರು. ಜೋಕರ್ ಸೇರಿ 53 ಎಲೆ. ನಿಮಗೆ 7 ಬರುತ್ತವೆ, ಅದನ್ನು 5 ಎಲೆಯ ದೊಡ್ಡ ಕೈ, 2 ಎಲೆಯ ಸಣ್ಣ ಕೈ ಅಂತ ವಿಂಗಡಿಸಬೇಕು. ಎರಡೂ ಗೆದ್ದರೆ ಗೆಲುವು, ಎರಡೂ ಸೋತರೆ ಸೋಲು, ಒಂದೊಂದಾದರೆ ದುಡ್ಡು ವಾಪಸ್. ಹತ್ತರಲ್ಲಿ ಸುಮಾರು ನಾಲ್ಕು ಸಲ ಹೀಗೆ ಸಮವಾಗುತ್ತದೆ. ಗೆದ್ದಾಗ ಸಾಮಾನ್ಯವಾಗಿ ಶೇಕಡಾ 5 ಕಮಿಷನ್ ಕೊಡಬೇಕು. ನಿಧಾನದ ಆಟ, ದುಡ್ಡೂ ನಿಧಾನವಾಗಿ ಕರಗುತ್ತದೆ. ಹೇಗೆ ವಿಂಗಡಿಸಲಿ ಅಂತ ಡೀಲರ್‌ನನ್ನೇ ಕೇಳಬಹುದು, ಹೇಳಿಕೊಡುತ್ತಾರೆ.

ಇನ್ನು ಮೊದಲ ದಿನದ ಮಾತು. ನಾನಾಗಿದ್ದರೆ ನಿಮ್ಮನ್ನು ತ್ರೀ ಕಾರ್ಡ್ ಮೇಜಿಗೆ ಕರೆದುಕೊಂಡು ಹೋಗುತ್ತೇನೆ, ಬರೀ ಆಂಟೆ ಆಡಿಸುತ್ತೇನೆ. ನಿಯಮ ಒಂದೇ ಸಾಲಿನದು, ತಪ್ಪುವ ಜಾಗ ಕಡಿಮೆ, ಮೇಜಿನ ರೀತಿ ಅಭ್ಯಾಸವಾಗುತ್ತದೆ. ಪೋಕರ್ ರೂಮಿಗೆ ಹೋಗುವ ಆಸೆ ಇದ್ದರೆ ಮೊದಲು ಹಗ್ಗದ ಆಚೆ ನಿಂತು ಅರ್ಧ ಗಂಟೆ ನೋಡಿ. ಅಲ್ಲಿ ಹೆಸರು ಬರೆಸಬೇಕು, ಸರದಿ ಬಂದಾಗ ಕರೆಯುತ್ತಾರೆ. ಅತಿ ಸಣ್ಣ ಬ್ಲೈಂಡ್ ಇರುವ ಮೇಜನ್ನೇ ಕೇಳಿ. ರೇಕ್ ಎಷ್ಟು, ಮಿತಿ ಎಷ್ಟು ಅಂತ ಕೇಳೋಕೆ ಸಂಕೋಚ ಬೇಡ.

ಕೂತ ಮೇಲೆ ನೋಟನ್ನು ಡೀಲರ್ ಕೈಗೆ ಕೊಡಬೇಡಿ, ಅವರು ತೆಗೆದುಕೊಳ್ಳುವುದಿಲ್ಲ. ಬಟ್ಟೆಯ ಮೇಲೆ, ಬೆಟ್ ಇಡುವ ವೃತ್ತದಿಂದ ಆಚೆ ಇಡಿ. ಡೀಲರ್ ಅದನ್ನು ಹರಡಿ, ಕ್ಯಾಮೆರಾಗೆ ಕಾಣುವ ಹಾಗೆ ಎಣಿಸಿ, ಅಷ್ಟಕ್ಕೆ ಚಿಪ್ ಕೊಡುತ್ತಾರೆ. ಡೀಲರ್ ಬದಲಾಗುವಾಗ ಎರಡೂ ಅಂಗೈ ತಟ್ಟಿ, ತಿರುಗಿಸಿ ತೋರಿಸುವುದೂ ಆ ಕ್ಯಾಮೆರಾಗೇ, ಕೈಯಲ್ಲಿ ಏನೂ ಉಳಿದಿಲ್ಲ ಅಂತ. ಎಲೆ ಹಂಚಿದ ಮೇಲೆ ಇಟ್ಟ ಚಿಪ್ ಮುಟ್ಟಬೇಡಿ. ಎಲೆಯನ್ನು ಮೇಜಿನಿಂದ ಆಚೆಗೆ, ಮಡಿಲಿಗೆ ತರಬೇಡಿ.

ಏಳುವಾಗ ಸಣ್ಣ ಚಿಪ್‌ಗಳ ರಾಶಿಯನ್ನು ಜೇಬಿಗೆ ತುಂಬಿಕೊಳ್ಳಬೇಕಿಲ್ಲ. ಆಟ ಮುಗಿದ ಗಳಿಗೆ ನೋಡಿ ಎಲ್ಲವನ್ನೂ ಡೀಲರ್ ಮುಂದೆ ಸರಿಸಿ, "ದೊಡ್ಡದು ಕೊಡಿ" ಅನ್ನಿ. ಅವರು ಎಣಿಸಿ ಸಾಲಾಗಿ ಜೋಡಿಸುತ್ತಾರೆ, ಮೇಲ್ವಿಚಾರಕರಿಗೆ ಕೂಗಿ ಹೇಳುತ್ತಾರೆ, ಅಷ್ಟೇ ಮೊತ್ತದ ದೊಡ್ಡ ಚಿಪ್ ಕೊಡುತ್ತಾರೆ. ಅದನ್ನು ಕೇಜ್ ಅನ್ನುವ ಕೌಂಟರಿಗೆ ತೆಗೆದುಕೊಂಡು ಹೋದರೆ ನಗದು. ಆ ಕೌಂಟರ್ ಎಲ್ಲಿದೆ ಅಂತ ಒಳಗೆ ಬಂದ ತಕ್ಷಣವೇ ನೋಡಿಟ್ಟುಕೊಳ್ಳಿ.